ಏಳನೆಯ ವಚನದವರೆಗೆ

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನಮ್ಮ ಸಭೆಯ ಉಪದೇಶಿಗಳು. ಬೆನ್ನ ಹಿಂದೆ ಹೇಳಲಿಲ್ಲ, ಎದುರಿಗೇ ಹೇಳಿದರು. ಭಾನುವಾರದ ಆರಾಧನೆ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದ ಹೊತ್ತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ.

"ತಂಗಿ, ನೀ ಡಿಗ್ರಿ ಮಾಡೀದಿ, ದೇವರಿಗೆ ಸ್ತೋತ್ರ. ಆದ್ರ ಐವತ್ತು ದಾಟಿದ ಹೆಣ್ಣುಮಕ್ಕಳಿಗೆ ಅಕ್ಷರ ಹತ್ತಂಗಿಲ್ಲ. ಅವರಿಗೆ ಕೇಳೂದು ಸಾಕು. ಓದಾಕ ನಾ ಇಲ್ಲೇನು?"

ಮನೆಯಲ್ಲಿ ಅವ್ವನೂ ಅದನ್ನೇ ಬೇರೆ ಥರ ಹೇಳಿದಳು. "ನನ್ನ ಹೆಸರು ಬರಕೋಬ್ಯಾಡ. ನಾ ನಿನ್ನ ಓದಿಸೀನಿ, ಅಷ್ಟ ಸಾಕು ನನಗ."

ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೊಬ್ಬಳೇ. ಹೇಳಿಕೊಳ್ಳಲು ಸಂಕೋಚವಿಲ್ಲ. ಹಗಲು ಔಷಧಿ ಬಾಟಲಿಗೆ ಲೇಬಲ್ ಅಂಟಿಸುತ್ತ, ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಇಂಗ್ಲಿಷ್ ಪೇಪರ್ ದಾಟಿದವಳು ನಾನು. ಆ ಡಿಗ್ರಿ ನೋಡಿಯೇ ನಾಂಪಲ್ಲಿಯಲ್ಲಿ ಕಚೇರಿ ಇದ್ದ ಒಂದು ಸಾಕ್ಷರತಾ ಸಂಸ್ಥೆ ಆರು ತಿಂಗಳ ಮಟ್ಟಿಗೆ ನನ್ನನ್ನು ಶಿಕ್ಷಕಿಯಾಗಿ ತೆಗೆದುಕೊಂಡಿತು. ತೆಲುಗು ಕಲಿಸುವವರು ಅವರಲ್ಲಿ ಬೇಕಾದಷ್ಟಿದ್ದರು, ಕನ್ನಡಕ್ಕೆ ಯಾರೂ ಇರಲಿಲ್ಲ.

ತರಗತಿ ನಡೆದದ್ದು ನಾಚಾರಂನ ಕಾರ್ಖಾನೆಗಳ ಹಿಂದಿನ ನಮ್ಮ ಪ್ರಾರ್ಥನಾ ಹಾಲಿನಲ್ಲಿ. ಸಿಮೆಂಟ್ ಶೀಟಿನ ಸೂರು, ಎರಡು ಫ್ಯಾನು, ಕಬ್ಬಿಣದ ಬಾಗಿಲು. ರಾಯಚೂರು ಕಡೆಯಿಂದ ಒಂದು ತಲೆಮಾರಿನ ಹಿಂದೆ ಈ ತೆಲುಗು ನಗರಕ್ಕೆ ಕೂಲಿಗೆ ಬಂದು ಇಲ್ಲೇ ನೆಲೆ ನಿಂತವರ ಸಭೆ ಅದು. ಹೊರಗೆ ತೆಲುಗು, ಹಿಂದಿ. ಪ್ರಾರ್ಥನೆ ಮಾತ್ರ ಕನ್ನಡದಲ್ಲೇ. ಮಕ್ಕಳೆಲ್ಲ ತೆಲುಗು, ಇಂಗ್ಲಿಷ್ ಶಾಲೆಗೆ ಹೋದದ್ದರಿಂದ ಮನೆಮನೆಯಲ್ಲಿ ಕನ್ನಡ ಸತ್ಯವೇದ, ಅಂದರೆ ಬೈಬಲ್, ಇತ್ತು; ಉಪದೇಶಿಗಳನ್ನೂ ನನ್ನನ್ನೂ ಬಿಟ್ಟರೆ ಓದುವವರು ಇರಲಿಲ್ಲ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಯಾರಿಗಾದರೂ ಜ್ವರ ಬಂದರೆ ತಲೆದಿಂಬಿನ ಕೆಳಗೆ ಇಡುತ್ತಿದ್ದರು.

ಒಂಬತ್ತು ಹೆಂಗಸರು ಹೆಸರು ಕೊಟ್ಟರು. ಅವರಲ್ಲಿ ಒಬ್ಬಳು ನನ್ನ ಚಿಗವ್ವ, ಅವ್ವನ ತಂಗಿ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಾಟಲಿ ಮುಚ್ಚಳ ತಯಾರಿಸುವ ಒಂದು ಚಿಕ್ಕ ಕಾರ್ಖಾನೆಯಲ್ಲಿ ಸೊಟ್ಟಾದ ಮುಚ್ಚಳ ಆರಿಸಿ ತೆಗೆಯುವ ಕೆಲಸ ಅವಳದು. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಓಣಿಯ ಸರಕಾರಿ ಬಸ್ತಿ ದವಾಖಾನೆಯಿಂದ ತಿಂಗಳಿಗೊಮ್ಮೆ ಗುಳಿಗೆ ತರುತ್ತಿದ್ದಳು.

ಇಲ್ಲಿ ನಮ್ಮ ಸಭೆಯ ಒಂದು ಪದ್ಧತಿ ಹೇಳಬೇಕು. ಹೊಸ ವರ್ಷದ ಬೆಳಿಗ್ಗೆ ಸ್ಟೀಲಿನ ತಾಟಿನಲ್ಲಿ ವಾಗ್ದಾನದ ಚೀಟಿಗಳನ್ನು ಬೋರಲು ಹಾಕಿಡುತ್ತಾರೆ. ಒಂದೊಂದರಲ್ಲಿ ಸತ್ಯವೇದದ ಒಂದೊಂದು ವಚನದ ತುಣುಕು. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದು ಆ ವರ್ಷಕ್ಕೆ ದೇವರು ನಿಮಗೆಂದೇ ಕೊಟ್ಟ ಮಾತು. ಓದಲು ಬಾರದವರಿಗೆ ಉಪದೇಶಿಗಳು ಓದಿ ಹೇಳುತ್ತಾರೆ. ಆ ವರ್ಷ ಚಿಗವ್ವನಿಗೆ ಬಂದದ್ದು ವ್ಯಾಧಿಯಿಲ್ಲದಂತೆ ಕಾಯುವ ಮಾತು. ಉಪದೇಶಿಗಳು ಚೀಟಿಯನ್ನು ಅವಳ ತಲೆಯ ಮೇಲಿಟ್ಟು ಹೇಳಿದರು, "ಅಕ್ಕಾರ, ಈ ವರ್ಷ ರೋಗ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ. ನಂಬಿಕಿ ಇಟ್ರ ಸಾಕು."

ಅವತ್ತೇ ಅವಳು ಗುಳಿಗೆ ಬಿಟ್ಟಳು. ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಜನವರಿಯ ಎರಡನೆಯ ವಾರ ತರಗತಿ ಶುರು ಮಾಡಿದೆ. ವಾರಕ್ಕೆ ಮೂರು ದಿನ, ಸಂಜೆ ಪಾಳಿ ಬಿಟ್ಟ ಮೇಲೆ ಒಂದೂವರೆ ತಾಸು. ವರ್ಣಮಾಲೆಯ ಕ್ರಮ ಬಿಟ್ಟು ಆಕಾರದ ಕ್ರಮ ಹಿಡಿದೆ. ರ, ಗ, ಸ, ದ. ಕೈ ತಿರುಗುವ ಹಾಗೆ ಅಕ್ಷರ. ನಾಲ್ಕು ಅಕ್ಷರ ಬಂದ ಕೂಡಲೇ ಅವುಗಳಿಂದ ಆಗುವ ಪದ. ಆಮೇಲೆ ಕಾಗುಣಿತ. ಫೆಬ್ರವರಿ ಮುಗಿಯುವ ಮುಂಚೆ ಓದಲು ಸತ್ಯವೇದದಿಂದ ಒಂದು ಕೀರ್ತನೆ ಕೊಟ್ಟೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಹೋಗಬೇಕು ಎಂದು ತರಬೇತಿಯಲ್ಲಿ ಕಲಿಸಿದ್ದರು. ಅದಕ್ಕೇ ಎಲ್ಲರಿಗೂ ಪ್ರಿಯವಾದದ್ದನ್ನು ಆರಿಸಿದ್ದೆ. ಎರಡೇ ವಾರದಲ್ಲಿ ಒಂಬತ್ತೂ ಜನ ಸಾಲಿನ ಮೇಲೆ ಬೆರಳಿಟ್ಟು, ತಡವರಿಸದೆ ಓದತೊಡಗಿದರು. ನನ್ನ ವರದಿಯಲ್ಲಿ 'ನಿರೀಕ್ಷೆಗೂ ಮೀರಿದ ಪ್ರಗತಿ' ಎಂದು ಬರೆದು ಕಳಿಸಿದೆ.

ಮಾರ್ಚ್ ನಡುವೆ ಮೇಲ್ವಿಚಾರಕಿ ನೋಡಲು ಬಂದರು. ತೆಲುಗಿನವರು. ನಮ್ಮ ಅಕ್ಷರ ಅವರ ಅಕ್ಷರಕ್ಕೆ ಹತ್ತಿರವಾದ್ದರಿಂದ ಕನ್ನಡವನ್ನು ನಿಧಾನವಾಗಿ ಓದಬಲ್ಲವರು. ನಾನು ಹೆಮ್ಮೆಯಿಂದ ಚಿಗವ್ವನನ್ನೇ ಮೊದಲು ಎಬ್ಬಿಸಿದೆ. ಅವಳು ಸೆರಗು ಹೊದ್ದು, ಪುಸ್ತಕ ಬಿಚ್ಚಿ, ಬೆರಳಿಟ್ಟು ಓದಿದಳು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಏರಿಸಬೇಕಾದಲ್ಲಿ ಏರಿಸಿ. ಮೇಲ್ವಿಚಾರಕಿ ಎದ್ದು ಹೋಗಿ ಅವಳ ಪಕ್ಕ ನಿಂತರು. ಆಮೇಲೆ ಮೆಲ್ಲಗೆ ಅವಳ ಬೆರಳಿನ ಅಡಿಯಿಂದ ಒಂದು ಹಾಳೆ ತಿರುವಿದರು.

ಚಿಗವ್ವ ಓದುತ್ತಲೇ ಇದ್ದಳು. ಬೆರಳು ಹೊಸ ಪುಟದ ಮೇಲೆ ಸರಿಯುತ್ತಿತ್ತು, ಬಾಯಿ ಹಳೆಯ ಕೀರ್ತನೆಯನ್ನು ಕೊನೆಯವರೆಗೆ ಹೇಳಿ ಮುಗಿಸಿತು.

"ಇಲ್ಲಿ ಮೊದಲ ಮಾತು ಏನು?" ಎಂದು ಮೇಲ್ವಿಚಾರಕಿ ಕೇಳಿದರು.

ಚಿಗವ್ವ ನನ್ನ ಕಡೆ ನೋಡಿದಳು. "ಒಂದ್ ಮಾತರೆ ತಪ್ಪೈತೇನು ಅದರಾಗ?"

ಒಂದು ಮಾತೂ ತಪ್ಪಿರಲಿಲ್ಲ. ಉಳಿದ ಎಂಟು ಜನರನ್ನು ನೋಡಿದಾಗಲೂ ಅಷ್ಟೇ. ಯಾರೂ ನನಗೆ ಮೋಸ ಮಾಡಿರಲಿಲ್ಲ. ಮೂವತ್ತು ವರ್ಷದಿಂದ ಅವರು ಕಂಡ ಓದು ಅದೇ: ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಕಣ್ಣು ತಗ್ಗಿಸುವುದು, ಕೇಳಿದ ಮಾತನ್ನು ಭಕ್ತಿಯಿಂದ ಹೇಳುವುದು. ಅವರು ಅದನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಮೂರ್ಖಳಾದವಳು ನಾನು.

ಮೆಟ್ಟಿಲ ಬಳಿ ಮೇಲ್ವಿಚಾರಕಿ ಚಪ್ಪಲಿ ಹಾಕಿಕೊಳ್ಳುತ್ತ, "ಇದಿ ಚದುವು ಕಾದಮ್ಮಾ, ಕಂಠಸ್ಥಂ" ಎಂದರು. ಇದು ಓದಲ್ಲ, ಬಾಯಿಪಾಠ ಎಂದರ್ಥ. ಬೈಯಲಿಲ್ಲ. ಜೂನ್ ಕೊನೆಗೆ ಪರೀಕ್ಷೆ, ಪುಟ ತಾವೇ ತೆರೆಯುವುದಾಗಿ ಹೇಳಿದರು. ಕಂಡಿಲ್ಲದ ಪುಟ ಓದಬೇಕು, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಹಾಗೆ ಮಾಡಿದವರಿಗೆ ಪ್ರಮಾಣಪತ್ರ. ಒಬ್ಬರೂ ದಾಟದಿದ್ದರೆ ಕನ್ನಡ ತರಗತಿ ಅಲ್ಲಿಗೆ ಮುಗಿಯಿತು.

ಆ ವಾರವೇ ಇನ್ನೊಂದನ್ನೂ ಗಮನಿಸಿದೆ. ಹಾಲಿನಲ್ಲಿ ಒಂದು ವಾಸನೆ. ನಾಚಾರಂನಲ್ಲಿ ವಾಸನೆ ಹೊಸದಲ್ಲ, ಗಾಳಿ ತಿರುಗಿದರೆ ಒಂದೊಂದು ಕಾರ್ಖಾನೆಯದು ಒಂದೊಂದು ಬಗೆ. ಇದು ಗಾಳಿ ತಿರುಗಿದರೂ ಹೋಗಲಿಲ್ಲ. ಚಿಗವ್ವ ಎಡಗಾಲಿಗೆ ಸತ್ತ ಗಂಡನ ಅಗಲ ಚಪ್ಪಲಿ ಹಾಕಿಕೊಂಡು ಬರುತ್ತಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಎಣ್ಣೆಯಲ್ಲಿ ತೊಯ್ದಿತ್ತು.

"ತಗಡು ಚುಚ್ಚೇತಿ, ಅಷ್ಟ" ಎಂದಳು. "ಉಪದೇಶಿ ಅಣ್ಣಾರು ಪ್ರಾರ್ಥನಿ ಮಾಡಿ ಎಣ್ಣಿ ಕೊಟ್ಟಾರ."

"ಗುಳಿಗಿ ತಗೋಳಾಕತ್ತೀಯಿಲ್ಲೋ?"

ಅವಳು ಪುಸ್ತಕ ಎತ್ತಿಕೊಂಡು ಹೊರಟಳು. ಅವಳ ಮನೆಗೆ ಹೋಗಿ ನೋಡಿದೆ. ದವಾಖಾನೆಯ ಗುಳಿಗೆ ಹಾಳೆಗಳು ಹಾಗೇ ಇದ್ದವು, ಒಂದೂ ಒಡೆದಿರಲಿಲ್ಲ. ನಾನು ಕೂಗಾಡಿದೆ. ಸಕ್ಕರೆ ಇದ್ದವರ ಕಾಲಿನ ಗಾಯ ಏನಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅವ್ವ ಬಂದು ಬೈದಳು. ದವಾಖಾನೆಯ ನರ್ಸ್ ಬಾಗಿಲಿಗೇ ಬಂದು, ಕಾಲು ನೋಡಿ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕೆಂದಳು. ಚಿಗವ್ವ ಮೂವರಿಗೂ ಚಹಾ ಕೊಟ್ಟಳು.

"ಗುಳಿಗಿ ನುಂಗಿದ್ರ ದೇವರ ಮಾತಿನ ಮ್ಯಾಲ ಅನುಮಾನ ಪಟ್ಟಂಗ ಆಕ್ಕೈತಿ" ಎಂದಳು. ನನ್ನ ಕಡೆ ತಿರುಗಿ, "ನೀ ಓದಿದ್ದು ನಿನ್ನ ಕಾಲೇಜಿನ ಪುಸ್ತಕ. ಇದು ಅವನ ಪುಸ್ತಕ. ಅವನ ಪುಸ್ತಕದಾಗ ಐತಿ ಅಂದ್ರ ನಾ ಕೇಳ್ತೀನಿ. ನಿನ್ನ ಬಾಯಾಗಿಂದು ಬ್ಯಾಡ."

ಅಲ್ಲಿಂದ ನನ್ನ ಕೆಲಸ ಎರಡಾಯಿತು. ಒಂದು ಪರೀಕ್ಷೆ, ಇನ್ನೊಂದು ಆ ಕಾಲು.

ಮೊದಲು ಅವರು ಕೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಕೀರ್ತನೆ, ಬೆಟ್ಟದ ಮೇಲಿನ ಪ್ರಸಂಗ, ಕ್ರಿಸ್ಮಸ್ ಭಾಗ, ಯಾವುದೂ ಬೇಡ. ಉಪದೇಶಿಗಳು ಎಂದೂ ಪ್ರಸಂಗಕ್ಕೆ ಎತ್ತಿಕೊಳ್ಳದ ಪುಟಗಳನ್ನು ಹುಡುಕತೊಡಗಿದೆ. ಅರಸರ ಕಥೆಗಳಲ್ಲಿ ಅಂಥವು ಬಹಳ ಸಿಕ್ಕವು. ಒಬ್ಬೊಬ್ಬರಿಗೆ ಒಂದೊಂದು ಭಾಗ ಆರಿಸಿದೆ, ಪಕ್ಕದವಳಿಂದ ಕೇಳಿ ಬಾಯಿಪಾಠ ಮಾಡದಿರಲೆಂದು. ಸತ್ಯವೇದದ ಅಚ್ಚು ಇರುವೆ ಸಾಲಿನಷ್ಟು ಚಿಕ್ಕದು, ಜೊತೆಗೆ ಒತ್ತಕ್ಷರ. ಕ್ರಾಸ್ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದೆ. ಅಂಗಡಿಯವನು ಹಾಳೆ ನೋಡಿ, "ತೆಲುಗಾ ಇದಿ, ಅಕ್ಷರಾಲಕಿ ಜ್ವರಂ ವಚ್ಚಿಂದಾ?" ಎಂದು, ತೆಲುಗು ಅಕ್ಷರಕ್ಕೇ ಜ್ವರ ಬಂದಿದೆಯೇನೋ ಎಂಬಂತೆ, ನಕ್ಕ.

ಔಷಧಿ ಡಬ್ಬದ ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿದೆ. ರಟ್ಟನ್ನು ಹಾಳೆಯ ಮೇಲಿಟ್ಟರೆ ಆ ಒಂದು ಸಾಲು ಮಾತ್ರ ಕಾಣಬೇಕು, ಮುಂದೇನು ಎಂದು ಊಹಿಸಲು ಬರಬಾರದು. ಸಾಲು ಮುಗಿದ ಮೇಲೆ ಮೂರೇ ಪ್ರಶ್ನೆ. ಯಾರು? ಎಲ್ಲಿ? ಏನು ಮಾಡಿದರು? ಇದರಿಂದ ನಮಗೇನು ಪಾಠ ಎಂಬ ಪ್ರಶ್ನೆ ಕೇಳಬಾರದೆಂದು ನಿಯಮ ಮಾಡಿದೆ. ಆ ಪ್ರಶ್ನೆ ಬಂದ ಕೂಡಲೇ ಎಲ್ಲರೂ ಪುಸ್ತಕ ಬಿಟ್ಟು ಪ್ರಸಂಗ ಹೇಳತೊಡಗುತ್ತಿದ್ದರು.

ಹೀಗೆ ಭಾಗ ಆರಿಸುತ್ತಿದ್ದಾಗಲೇ ಅದು ನನ್ನ ಕಣ್ಣಿಗೆ ಬಿದ್ದದ್ದು. ಹುಣ್ಣಾಗಿ ಸಾಯಲು ಬಿದ್ದ ಒಬ್ಬ ಅರಸ. ದೇವರು ವಾಸಿ ಮಾಡುತ್ತೇನೆಂದು ಮಾತು ಕೊಡುತ್ತಾನೆ. ಮಾತು ಕೊಟ್ಟ ಮೇಲೂ ಏಳನೆಯ ವಚನದಲ್ಲಿ ಪ್ರವಾದಿ ಅಂಜೂರದ ಉಂಡೆ ತರಿಸುತ್ತಾನೆ, ಹುಣ್ಣಿಗೆ ಕಟ್ಟಿಸುತ್ತಾನೆ, ಅರಸ ಗುಣವಾಗುತ್ತಾನೆ. ಎರಡು ಸಲ ಓದಿದೆ. ಹಾಳೆ ಹಿಡಿದು ಚಿಗವ್ವನ ಮನೆಗೆ ಓಡಬೇಕೆನಿಸಿತು. ಗಲ್ಲಿಯ ತಿರುವಿನವರೆಗೆ ಹೋಗಿ ನಿಂತೆ.

ನಾನು ಓದಿ ಹೇಳಿದರೆ ಅದು ನನ್ನ ಬಾಯಿಂದ ಬಂದದ್ದು. ಅವಳು ಹೋಗಿ ಉಪದೇಶಿಗಳನ್ನು ಕೇಳುತ್ತಾಳೆ, ಅವರು ಎರಡು ಮಾತಿನಲ್ಲಿ ತಿರುಗಿಸಿಬಿಡುತ್ತಾರೆ, ಆಮೇಲೆ ಆ ವಚನ ಅವಳಿಗೆ ಎಂದಿಗೂ ತೆರೆಯುವುದಿಲ್ಲ. ಅವಳೇ ಓದಿದರೆ? ವಾರಕ್ಕೆ ಮೂರು ತರಗತಿ, ತರಗತಿಗೆ ಒಂದು ವಚನ. ಎರಡೂವರೆ ವಾರ. ಕಾಲು ಅಷ್ಟು ದಿನ ತಾಳುತ್ತದೆಯೇ ಎಂದು ನನಗೆ ಗೊತ್ತಿರಲಿಲ್ಲ. ಹಿಂದಕ್ಕೆ ತಿರುಗಿ ಬಂದು ಆ ಭಾಗವನ್ನು ಅವಳ ಹೆಸರಿಗೆ ಬರೆದೆ. ಯಾರಿಗೂ ಹೇಳಲಿಲ್ಲ, ಅವ್ವನಿಗೂ.

ಏಪ್ರಿಲ್ ಬಂತು. ಶೀಟಿನ ಕೆಳಗೆ ಕೂರಲಾಗದ ಸೆಕೆ. ಚಿಗವ್ವ ಮೊದಲ ವಚನಕ್ಕೆ ಇಡೀ ಒಂದು ಸಂಜೆ ತೆಗೆದುಕೊಂಡಳು. ಅರಸನಿಗೆ ರೋಗ, ಮನೆ ವ್ಯವಸ್ಥೆ ಮಾಡಿಕೋ, ಸಾಯುತ್ತೀ ಎಂದು ಪ್ರವಾದಿಯ ಮಾತು. ಓದಿದ ಮೇಲೆ ರಟ್ಟು ಕೆಳಗಿಟ್ಟು, "ಯಪ್ಪಾ, ಎದುರಿಗೇ ಹಿಂಗ ಅಂತಾರೇನು?" ಎಂದಳು. ಎರಡನೆಯದರಲ್ಲಿ ಅರಸ ಗೋಡೆಯ ಕಡೆ ಮುಖ ತಿರುಗಿಸಿದ. ಅದಕ್ಕೂ ಒಂದು ಸಂಜೆ. ಪಕ್ಕದವಳು ಚುಡಾಯಿಸಿದಳು, "ಟಿ.ವಿ. ಸೀರಿಯಲ್ ಹಂಗ ನಿಲ್ಲಸಾಕತ್ತೀಯಲ್ಲ, ಅವ ಸತ್ನೋ ಬದುಕಿದ್ನೋ ಹೇಳಬಾರ್ದ?"

"ನನಗೂ ಗೊತ್ತಿಲ್ಲಲೇ. ಗೊತ್ತಿದ್ರ ಓದೂದ್ಯಾಕ?"

ಆ ಮಾತು ಕೇಳಿ ಇವಳು ಈಗ ನಿಜವಾಗಿ ಓದುತ್ತಿದ್ದಾಳೆಂದು ನನಗೆ ತಿಳಿಯಿತು. ಸಂತೋಷಪಡಲು ಆಗಲಿಲ್ಲ. ಬಟ್ಟೆ ಈಗ ಮೂರು ಬೆರಳಿಗೆ ಸುತ್ತಿತ್ತು. ನೊಣ ಓಡಿಸಲು ಅವಳು ಸೆರಗಿನ ತುದಿಯನ್ನು ಕಾಲಿನ ಮೇಲೆ ಆಡಿಸುತ್ತಲೇ ಇದ್ದಳು. ನೋವಿದೆಯೇ ಎಂದರೆ ಇಲ್ಲ ಎನ್ನುತ್ತಿದ್ದಳು. ನೋವಿಲ್ಲದ್ದೇ ಕೆಟ್ಟದ್ದು ಎಂದು ನರ್ಸ್ ನನಗೆ ಹೇಳಿದ್ದಳು.

ಆಗಲೇ ಉಪದೇಶಿಗಳು ತರಗತಿಗೆ ಬಂದು ಕೂರತೊಡಗಿದರು. ಹಿಂದಿನ ಗೋಡೆಗೆ ಕುರ್ಚಿ ಹಾಕಿ, ಮಡಿಲಲ್ಲಿ ತಮ್ಮ ಪುಸ್ತಕ ಇಟ್ಟುಕೊಂಡು, ಸುಮ್ಮನೆ. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷ ಈ ಜನರ ಕಾಗದ, ಅರ್ಜಿ, ಸಾವು, ಮದುವೆ ಎಲ್ಲವನ್ನೂ ಓದಿದವರು. ಆದರೆ ಅವರು ಬಂದು ಕೂತರೆ ಹೆಂಗಸರ ದನಿ ಇಳಿಯುತ್ತಿತ್ತು. ಒಂದು ದಿನ ಎದ್ದು ಹೋಗುವಾಗ, "ತುಂಡು ತುಂಡು ಮಾಡಿ ಓದಿದ್ರ ದಾರಿ ತಪ್ಪತೈತಿ ತಂಗಿ. ತಪ್ಪಿದವರ ಲೆಕ್ಕ ನೀ ಕೊಡಬೇಕಾಕ್ಕೈತಿ" ಎಂದರು. ಮುಂದಿನ ತರಗತಿಗೆ ಇಬ್ಬರು ಬರಲಿಲ್ಲ, ಅದರ ಮುಂದಿನದಕ್ಕೆ ಇನ್ನಿಬ್ಬರು. ಐದು ಜನ ಉಳಿದರು.

ಐದನೆಯ ವಚನ ಮುಗಿದ ದಿನ ಚಿಗವ್ವನ ಮುಖ ಅರಳಿತು. ದೇವರು ಅರಸನ ಕಣ್ಣೀರು ಕಂಡಿದ್ದಾನೆ, ವಾಸಿ ಮಾಡುತ್ತೇನೆ, ಮೂರನೆಯ ದಿನ ನನ್ನ ಆಲಯಕ್ಕೆ ಹೋಗುವಿ ಎಂದಿದ್ದಾನೆ. ಅವಳು ಹಿಂದಕ್ಕೆ ತಿರುಗಿ, "ಅಣ್ಣಾರ, ಕೇಳಿದ್ರೇನ್ರಿ? ನಾನ ಓದಿದೆ. ನೀವು ಹೇಳಿದ್ದ ಐತಿ" ಎಂದಳು.

ಉಪದೇಶಿಗಳ ಕಣ್ಣು ತುಂಬಿತು. ಅದು ನಟನೆಯಲ್ಲ. "ಅಕ್ಕಾರ, ಇದ ಸಾಕು ನಿಮಗ. ಇಲ್ಲಿಗೆ ನಿಲ್ಲಸ್ರಿ. ಇದನ್ನ ಹಿಡಕೊಂಡು ಪ್ರಾರ್ಥನಿ ಮಾಡ್ರಿ."

ಮುಂದಿನ ಎರಡು ತರಗತಿಗೆ ಚಿಗವ್ವ ಬರಲಿಲ್ಲ. ಆ ಐದು ದಿನ ನಾನು ಹೇಗೆ ಕಳೆದೆನೋ. ದಿನಾ ಅವಳ ಬಾಗಿಲ ತನಕ ಹೋಗಿ ಬರುತ್ತಿದ್ದೆ. ಮುಂದೆ ಏನಿದೆ ಎಂದು ಹೇಳಿಬಿಡಲು ಬಾಯಿಗೆ ಬಂದದ್ದನ್ನು ನುಂಗುತ್ತಿದ್ದೆ. ಆಸ್ಪತ್ರೆಗೆ ಹೋಗೋಣ ಎಂಬುದನ್ನಷ್ಟೇ ಮತ್ತೆ ಮತ್ತೆ ಹೇಳಿದೆ. ಅವಳು ಮತ್ತೆ ಮತ್ತೆ ತಲೆಯಾಡಿಸಿದಳು. ಐದನೆಯ ದಿನ ಒಂದೇ ಮಾತು ಕೇಳಿದೆ: "ಅರಸ ಮೂರನೇ ದಿನ ಆಲಯಕ್ಕ ಹೋದ್ನೋ ಇಲ್ಲೋ, ನೋಡಂಗಿಲ್ಲೇನು ನೀ?"

ಅವಳು ಬಂದಳು. ಅವ್ವನ ಹೆಗಲ ಮೇಲೆ ಕೈ ಹಾಕಿ, ಕಾಲು ಎಳೆಯುತ್ತ. ಆರನೆಯ ವಚನವನ್ನು ಬೇಗ ಓದಿದಳು. ಹದಿನೈದು ವರ್ಷ ಆಯುಷ್ಯ ಹೆಚ್ಚಿಸಿದ ಮಾತು. ರಟ್ಟು ಕೆಳಗೆ ಸರಿಸಿದಳು. ಬೆರಳು ನಿಂತಿತು.

"ಅಂ... ಜೂ... ರ. ಅಂಜೂರ. ಅಂದ್ರೇನದು?"

"ಅಂಜೀರ್ ಹಣ್ಣಬೇ" ಎಂದಳು ಪಕ್ಕದವಳು. "ನಾಂಪಲ್ಲಿ ಕಡೆ ದಾರದಾಗ ಪೋಣಿಸಿ ಮಾರ್ತಾರಲ್ಲ."

ಚಿಗವ್ವ ಮತ್ತೆ ಶುರು ಮಾಡಿದಳು. ಒಂದೊಂದು ಅಕ್ಷರ ಅಗೆದು ತೆಗೆದಂತೆ. ಉಂಡೆ. ತಂದರು. ಹುಣ್ಣಿನ ಮೇಲೆ. ಕಟ್ಟಿದರು. ಕೊನೆಯ ಪದ ಮುಗಿದರೂ ಅವಳು ತಲೆ ಎತ್ತಲಿಲ್ಲ. ರಟ್ಟನ್ನು ಮೇಲಕ್ಕೆ ಸರಿಸಿ ಐದನೆಯದನ್ನು ಓದಿದಳು, ಕೆಳಕ್ಕೆ ಸರಿಸಿ ಏಳನೆಯದನ್ನು ಓದಿದಳು. ನಾನು ಮೂರು ಪ್ರಶ್ನೆಯಲ್ಲಿ ಒಂದನ್ನೂ ಕೇಳಲಿಲ್ಲ.

"ವಾಸಿ ಮಾಡ್ತೀನಿ ಅಂತ ದೇವರು ಮೊದಲ ಹೇಳ್ಯಾನ" ಎಂದಳು, ಯಾರನ್ನೂ ನೋಡದೆ. "ಹೇಳಿದ ಮ್ಯಾಲ ಔಷಧ ಯಾಕ ಕಟ್ಟಿದ್ರು?"

ಅವಳು ಹಿಂದಕ್ಕೆ ತಿರುಗಿದಳು. "ಅಣ್ಣಾರ, ಇದನ್ನ ನೀವು ಓದೀರೇನ್ರಿ?"

ಉಪದೇಶಿಗಳು ತಮ್ಮ ಪುಸ್ತಕ ಬಿಚ್ಚಿ ಆ ಪುಟ ಹುಡುಕಿದರು. ಓದಿದರು. ಮತ್ತೆ ಮೊದಲಿಂದ ಓದಿದರು.

"ಓದೀನಿ" ಎಂದರು ಕೊನೆಗೆ. "ಲಕ್ಷ್ಯ ಕೊಟ್ಟಿದ್ದಿಲ್ಲ. ಅದು ಆ ಕಾಲದ ಮಾತು ಅಕ್ಕಾರ."

"ಆ ಕಾಲದ ಅರಸಗ ಔಷಧ ಬೇಕಾತು. ಈ ಕಾಲದ ಮುಚ್ಚಳ ಆರಸಾಕಿಗೆ ಬ್ಯಾಡೇನ್ರಿ?"

ಅವರು ಎದ್ದು ಹೊರಗೆ ಹೋದರು. ಚಿಗವ್ವ ಹಾಳೆ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಅವ್ವನಿಗೆ "ಆಟೋ ಕರಿ" ಎಂದಳು.

ಆಸ್ಪತ್ರೆಯಲ್ಲಿ ಕಾಲಿನ ಬಟ್ಟೆ ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವನ್ನು ತೆಗೆಯಲೇಬೇಕೆಂದಳು, ಮೇಲೆ ಹರಡಿದ್ದರೆ ಪಾದವನ್ನೂ. ಎರಡು ವಾರ ಮೊದಲು ಬಂದಿದ್ದರೆ ಎಂದು ಏನೋ ಹೇಳಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದಳು. ಆ ಎರಡು ವಾರ ಯಾರದೆಂದು ನನಗೆ ಗೊತ್ತಿತ್ತು. ಮೊದಲೇ ಹೇಳಿದ್ದರೆ ಅವಳು ಕೇಳುತ್ತಿದ್ದಳೋ ಇಲ್ಲವೋ, ಇವತ್ತಿಗೂ ತಿಳಿಯದು. ಕೇಳುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೆಲವು ದಿನ ಅದನ್ನು ನಂಬುತ್ತೇನೆ.

ಎರಡು ಬೆರಳು ಹೋದವು. ಪಾದ ಉಳಿಯಿತು. ಅದೂ ಸದ್ಯಕ್ಕೆ ಎಂದೇ ಡಾಕ್ಟರಮ್ಮ ಹೇಳಿ ಕಳಿಸಿದ್ದು.

ಜೂನ್ ಮೊದಲ ವಾರ ತರಗತಿಗೆ ಹೋದರೆ ಕಬ್ಬಿಣದ ಬಾಗಿಲಿಗೆ ಹೊಸ ಬೀಗ. ಹಾಲಿನಲ್ಲಿ ರಿಪೇರಿ ಇದೆ ಎಂದು ಉಪದೇಶಿಗಳು ಹೇಳಿ ಕಳಿಸಿದ್ದರು. ರಿಪೇರಿ ಮಾಡುವವರು ಯಾರೂ ಕಾಣಲಿಲ್ಲ. ನಾವು ಚಿಗವ್ವನ ಖೋಲಿಯ ಮುಂದೆ ಚಾಪೆ ಹಾಸಿದೆವು. ಬಿಟ್ಟುಹೋದ ನಾಲ್ವರು ಅದೇ ಗಲ್ಲಿಯಲ್ಲಿ ನೀರು ಹಿಡಿಯಲು ಬರುತ್ತಿದ್ದರು, ನಮ್ಮ ಕಡೆ ನೋಡದೆ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬಳಿಗೆ ಎದೆನೋವು ಇತ್ತು. ಅವಳು ಏನು ಔಷಧಿ ತೆಗೆದುಕೊಳ್ಳುತ್ತಿದ್ದಾಳೆಂದು ಕೇಳುವ ದಾರಿ ನನಗೆ ಉಳಿದಿರಲಿಲ್ಲ.

ಕೊನೆಯ ವಾರ ಮೇಲ್ವಿಚಾರಕಿ ಬಂದು ಚಾಪೆಯ ಮೇಲೇ ಕೂತರು. ಪುಸ್ತಕವನ್ನು ತಾವೇ ತೆರೆದರು, ಪ್ರತಿಯೊಬ್ಬರಿಗೂ ಬೇರೆ ಕಡೆ. ಐವರಲ್ಲಿ ಮೂವರು ದಾಟಿದರು. ಚಿಗವ್ವನಿಗೆ ಬಂದದ್ದು ಹೊಲದಲ್ಲಿ ಬಿದ್ದ ತೆನೆ ಆಯುವ ವಿಧವೆಯ ಭಾಗ. ಕಾಲನ್ನು ತಲೆದಿಂಬಿನ ಮೇಲೆ ಚಾಚಿ, ಒತ್ತಕ್ಷರ ಬಂದಲ್ಲಿ ನಿಂತು, ಒಂದು ಕಡೆ ತಪ್ಪಿ ತಾನೇ ತಿದ್ದಿಕೊಂಡು, ಆರು ವಚನ ಓದಿದಳು. ಮೇಲ್ವಿಚಾರಕಿ ನಡುವೆ ಒಮ್ಮೆ ಹಾಳೆ ತಿರುವಿದರು. ಚಿಗವ್ವ ಓದು ನಿಲ್ಲಿಸಿದಳು.

"ಹಾಳಿ ತಿರುವಿದ್ರಲ್ರಿ. ನಾ ಇನ್ನೂ ಅಲ್ಲೇ ಇದ್ದೆ."

ಮೇಲ್ವಿಚಾರಕಿ ನಕ್ಕು ಹಾಳೆಯನ್ನು ಹಿಂದಕ್ಕೆ ತಿರುವಿದರು. ಓದಿದ್ದರ ಅರ್ಥ ಕೇಳಿದಾಗ ಚಿಗವ್ವ, "ಗಂಡ ಸತ್ತಾಕಿ. ಯಾರೂ ಕೊಡೂತನಕ ಕೂಡಲಿಲ್ಲ, ತಾನ ಹೋಗಿ ಆರಿಸಿಕೊಂಡ್ಳು" ಎಂದಳು.

ಪ್ರಮಾಣಪತ್ರದ ಮೇಲೆ ಅವಳ ಹೆಸರನ್ನು ನಾನು ಕನ್ನಡದಲ್ಲೇ ಬರೆದೆ. ಮೇಲ್ವಿಚಾರಕಿ ಎದ್ದು ನಿಂತು ಎರಡೂ ಕೈಯಿಂದ ಕೊಟ್ಟರು. ಚಿಗವ್ವ ಅದನ್ನು ಮೇಲಿನಿಂದ ಕೆಳಗೆ ಓದಿ, ಪಕ್ಕದಲ್ಲಿದ್ದ ಅವ್ವನ ಕೈಗೆ ಕೊಟ್ಟಳು. ಓದಲು ಬಾರದ ಅವ್ವ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ತಂಗಿಯ ಕಾಲಿನ ಕಡೆ ನೋಡಿ ಹೇಳಿದಳು:

"ಇನ್ನ ಮ್ಯಾಲ ಅಣ್ಣಾರು ಹೇಳಿದ್ರು, ಅದಕ್ಕ ಮಾಡಿದೆ ಅನ್ನಾಕ ಬರಂಗಿಲ್ಲ ನಿನಗ."